ಹೊಳೆವ್ವನಿಗೆ ಕೊಟ್ಟ ಕರಿ ಹೇಂಟೆ

ಯಡೂರು,
೭ ಜೂನ್ ೧೯೯೨

ಭೀಮಸಿ ಅವರಿಗೆ ಸುಂದರಾ ಬರೆಯುವುದು.

ಗಂಡನ ಹೆಸರು ಹಿಡಿಯುವ ರೂಢಿ ನಮ್ಮಲ್ಲಿಲ್ಲ. ಮದುವೆಯಾದಾಗಿನಿಂದ ‘ಮನಿಯಾವ್ರು’ ಎಂದೇ ಕರೆದುಕೊಂಡು ಬಂದೆ. ಇವತ್ತು ಹೆಸರು ಬರೆದೆ. ಇಲ್ಲಿ ಅವ್ವ ಆರಾಮಾಗಿದ್ದಾಳೆ, ನಾನೂ ಆರಾಮ. ನಿಮ್ಮ ಕ್ಷೇಮ ಕೇಳಬೇಕೆಂದುಕೊಂಡೆ. ಮನಸ್ಸು ಬರಲಿಲ್ಲ, ಬಿಟ್ಟೆ.

ನಿನ್ನೆ ನಿಮ್ಮ ಕಾಕಾನ ಮಗ ಮಾಯಪ್ಪ ಬಂದಿದ್ದ. ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ನೀವು ಹೇಳಿ ಕಳಿಸಿದ್ದನ್ನು ಒಪ್ಪಿಸಿದ. “ಕೋಳಿ ಸಲುವಾಗಿ ಸಂಸಾರ ಬಿಟ್ಟಾಳ ಅಂತ ಮಂದಿ ನಗಾಕತ್ತಾರ ವೈನಿ. ಮಳಿ ಬೀಳೂದ್ರಾಗ ಮನಿಗೆ ಬಾ ಅಂದಾನ ಅಣ್ಣ.” ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ನೀವು ಏನು ಹೇಳಿದ್ದೀರೋ ಅಷ್ಟೇ ಗೊತ್ತು. ನಿಮಗೆ ಎಲ್ಲ ಗೊತ್ತು. ಗೊತ್ತಿದ್ದೂ ‘ಕೋಳಿ ಸಲುವಾಗಿ’ ಎಂದು ಹೇಳಿ ಕಳಿಸುತ್ತೀರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ನಿಮ್ಮ ಮನೆಗೆ ಬಂದ ವರ್ಷ ಹಿತ್ತಲಲ್ಲಿ ಗೂಡು ಕಟ್ಟಿಕೊಟ್ಟವರು ನೀವೇ. ಬಿದಿರಿನ ಗಳ ಸೀಳಿ, ಹೆಣೆದು, ಮಣ್ಣು ಸೆಗಣಿ ಮೆತ್ತಿ, ನೆಲಕ್ಕೆ ತಾಗಬಾರದೆಂದು ಕೆಳಗೆ ಕಲ್ಲು ಕೊಟ್ಟಿರಿ. “ಇಲ್ಲಾಂದ್ರ ಮುಂಗುಲಿ ಬಿಡೂದಿಲ್ಲ” ಅಂದಿರಿ. ಆ ದಿನ ನಿಮ್ಮ ಬೆರಳಿಗೆ ಬಿದಿರಿನ ಸಿಬಿರು ಚುಚ್ಚಿತ್ತು, ನಾನು ಸೂಜಿಯಿಂದ ತೆಗೆದಿದ್ದೆ. ಅದೇ ಕೈ ಹಿಂಗೂ ಮಾಡಬಲ್ಲದು ಅನ್ನುವುದು ನನಗೆ ಎಲ್ಲಕ್ಕಿಂತ ದೊಡ್ಡ ಹೇಸಿಗೆ.

ಕೋಳಿ ಸಾಕುವುದು ಸುಮ್ಮನೆ ಕಾಳು ಚೆಲ್ಲುವ ಕೆಲಸವಲ್ಲ. ಬೆಳಗಾದರೆ ಗೂಡಿನ ಬಾಗಿಲು ತೆಗೆದು ಒಂದೊಂದನ್ನೇ ಹೊರಗೆ ಬರುವಾಗ ನೋಡುತ್ತಿದ್ದೆ. ಯಾವುದು ಓಡಿಬಂತು, ಯಾವುದು ಮೂಲೆಯಲ್ಲೇ ಉಳಿಯಿತು, ಯಾವುದರ ಜುಟ್ಟು ಕಪ್ಪಾಗಿದೆ, ಯಾವುದರ ಹಿಕ್ಕೆ ನೀರಾಗಿದೆ. ಗೂಡು ಗೋರಿ ಬೂದಿ ಹಾಕುತ್ತಿದ್ದೆ. ನೀರಿನ ತಟ್ಟೆ ದಿನಾ ತಿಕ್ಕುತ್ತಿದ್ದೆ, ಲೋಳೆ ಕಟ್ಟಿದ ನೀರಿನಿಂದಲೇ ಅರ್ಧ ಬೇನೆ ಬರುತ್ತದೆ. ಹೇನು ಹತ್ತಿದವಕ್ಕೆ ರೆಕ್ಕೆ ಎತ್ತಿ ಬುಡಕ್ಕೆ ಬೂದಿ ತಿಕ್ಕಬೇಕು. ಅವುಗಳ ಹೇನು ನನ್ನ ಮೊಳಕೈವರೆಗೆ ಹರಿದಾಡಿದರೂ ನನಗೆ ಅಸಹ್ಯ ಅನಿಸಿರಲಿಲ್ಲ. ಅಸಹ್ಯ ಅಂದರೇನು ಅಂತ ನಾನು ಕಲಿತದ್ದು ಆಮೇಲೆ.

ಶಿವರಾತ್ರಿಯ ಹೊತ್ತಿಗೆ ಊರಲ್ಲಿ ಬೇನೆ ಬಿತ್ತು. ಮೊದಲು ನಮ್ಮ ಹುಂಜ ಬಾಯಿ ತೆರೆದು ಗೊರಗೊರ ಉಸಿರೆಳೆಯತೊಡಗಿತು. ಹಸಿರು ಹಿಕ್ಕೆ, ಮೂಗಿನಲ್ಲಿ ಸಿಂಬಳ. ಮರುದಿನ ಕುತ್ತಿಗೆ ತಿರುಚಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆದು ಸತ್ತಿತು. ನಾನು ರಾಯಬಾಗದ ದನದ ದವಾಖಾನೆಗೆ ಹೋಗಿ ಕೇಳಿಬಂದೆ. ಕೊಕ್ಕರೆ ರೋಗವಂತೆ. ಬಂದ ಮೇಲೆ ಔಷಧವಿಲ್ಲ, ಬರುವ ಮೊದಲೇ ಲಸಿಕೆ ಹಾಕಿಸಬೇಕಿತ್ತು. ಬೇನೆಯವನ್ನು ಬೇರೆ ಇಡಿ, ಸತ್ತವನ್ನು ಸುಣ್ಣ ಹಾಕಿ ಹೂಳಿ, ಒಂದು ಕೋಳಿಯೂ ಹಿತ್ತಲು ದಾಟಿ ಹೋಗಬಾರದು ಅಂದರು. ಅದನ್ನು ಆ ಸಂಜೆ ನೀವು ಊಟಕ್ಕೆ ಕೂತಾಗ ಒಂದು ಶಬ್ದ ಬಿಡದೆ ಹೇಳಿದೆ. ಕರಿ ಹೇಂಟೆ ಆಗಲೇ ಪುಕ್ಕ ಉಬ್ಬಿಸಿಕೊಂಡು ಕೂತಿತ್ತು. ಅದನ್ನು ಕೊಟ್ಟಿಗೆಯಲ್ಲಿ ಬುಟ್ಟಿ ಕವುಚಿ ಇಟ್ಟಿದ್ದೇನೆ, ಅದರ ಸನಿಹ ಹೋಗಬೇಡಿ ಅಂದೆ. ನೀವು “ಹೂಂ” ಅಂದಿರಿ.

ಆ ವಾರ ನಿಮ್ಮ ತಲೆಯಲ್ಲಿ ಕಬ್ಬಿನದೇ ಚಿಂತೆ. ಕಟಾವಿನ ಗ್ಯಾಂಗು ಬಂದಿತ್ತು. ಕಾಲುವೆ ದಂಡೆ ಕುಸಿದು ಟ್ರ್ಯಾಕ್ಟರ್ ಬರಲು ದಾರಿಯಿರಲಿಲ್ಲ. ಇದ್ದ ದಾರಿಯೆಂದರೆ ಹೊಳೆವ್ವನ ಹೊಲದ ಬದು. ನಮ್ಮ ಹಿತ್ತಲ ಗೋಡೆಯಾಚೆ ಒಂಟಿಯಾಗಿರುವ ಆ ಮುದುಕಿಯನ್ನು ನೀವು ಒಂದು ದಿನವೂ ನೆಟ್ಟಗೆ ಮಾತಾಡಿಸಿದವರಲ್ಲ. ನಾನು ಹೊಳೆಗೆ ಬಟ್ಟೆ ಒಗೆಯಲು ಹೋದಾಗ ಬುಟ್ಟಿ ಎತ್ತಿ, ಕರಿ ಹೇಂಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಆಕೆಯ ಮನೆಗೆ ಹೋದಿರಿ. “ನಮ್ಮಾಕಿ ಕೊಟ್ಟಾಳ, ಇಟ್ಕೊ ಆಯಿ” ಅಂದಿರಿ. ದಾರಿ ಕೇಳಿದಿರಿ. ಆಕೆ ಒಪ್ಪಿದಳು. ಇದನ್ನೆಲ್ಲ ಆಕೆಯೇ ಆಮೇಲೆ ನನಗೆ ಹೇಳಿದಳು.

ಖಾಲಿ ಬುಟ್ಟಿ ನೋಡಿ ಕೇಳಿದರೆ “ಸತ್ತಿತ್ತು, ದೂರ ಒಗದ ಬಂದೆ” ಅಂದಿರಿ. ನಾನು ನಂಬಿದೆ.

ಮರುದಿನ ಮುಂಜಾನೆ ಹೊಳೆವ್ವ ಹಿತ್ತಲ ಕಡೆಯಿಂದ ಬಂದಳು. ಕೈಯಲ್ಲಿ ಬಟ್ಟಲ ತುಂಬ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ. ಮುಖ ಅರಳಿತ್ತು. “ತಂಗಿ, ನಿನ್ನ ಕೈಗುಣಾ ಛಲೋ ಐತಿ. ನಿನ್ನ ಕರಿ ಹ್ಯಾಟಿ ಮ್ಯಾಲ ನನ್ನ ಕಣ್ಣ ಇತ್ತು ನೋಡ್. ತಾನಾಗೇ ಬಂತು. ಸ್ವಲ್ಪ ಮಂಕಾಗೇತಿ, ಹೊಸಾ ಮನಿ ಅಲ್ಲಾ.”

ಎಲ್ಲಿ ಬಿಟ್ಟಿದ್ದೀಯ ಅಂತ ಕೇಳಿದೆ.

“ಗೂಡಿನ್ಯಾಗ, ಎಲ್ಲಾದ್ರ ಕೂಡ. ಎಲ್ಲಿ ಬಿಡ್ಲಿ ಮತ್ತ?”

“ಹೊಳೆವ್ವಾ, ಅದಕ್ಕ ಬ್ಯಾನಿ ಐತಿ.”

ಆಕೆ ಬಟ್ಟಲನ್ನು ಹಾಗೇ ಹಿಡಿದು ನಿಂತಳು. “ಗೊತ್ತಿದ್ದ ಕೊಟ್ಟಿ ಏನ?”

“ನಾ ಕೊಟ್ಟಿಲ್ಲ. ಅವ್ರು ಕೊಟ್ಟಾರ. ಗೊತ್ತಿದ್ದ ಕೊಟ್ಟಾರ.”

ಗಂಡನ ವಿಷಯ ಹೊರಗಿನವರ ಮುಂದೆ ಹಾಗೆ ಮಾತಾಡಿದ್ದು ಅದೇ ಮೊದಲು. ನೀವು ಬಾಗಿಲಲ್ಲಿ ಬೇವಿನ ಕಡ್ಡಿ ಕಡಿಯುತ್ತ ನಿಂತಿದ್ದಿರಿ. ಕೇಳಿಸಿಕೊಂಡಿರಿ. ತುಪ್ಪ್ ಅಂತ ಉಗುಳಿ ಒಳಗೆ ಹೋದಿರಿ.

ವಾರ ತುಂಬುವುದರೊಳಗೆ ಆಕೆಯ ಗೂಡು ಖಾಲಿಯಾಯಿತು. ಆಕೆಗೆ ದನವಿಲ್ಲ, ಮಕ್ಕಳಿಲ್ಲ. ಕುಡಚಿ ಸಂತೆಗೆ ತತ್ತಿ ಒಯ್ದು ಎಣ್ಣೆ, ಬೆಲ್ಲ ತರುವ ಮುದುಕಿ. ಪ್ರತಿಯೊಂದಕ್ಕೂ ಹೆಸರಿಟ್ಟಿದ್ದಳು. ಕೆಂಪು ಹೇಂಟೆ ಕಾವಿಗೆ ಕೂತಿತ್ತು. ಕುತ್ತಿಗೆ ಸೊಟ್ಟಗಾದರೂ ಎದ್ದೇಳಲಿಲ್ಲ. ನಾನು ಎತ್ತಿದಾಗ ಅದು ಸೆಟೆದಿತ್ತು, ಕೆಳಗಿನ ತತ್ತಿಗಳು ಇನ್ನೂ ಬೆಚ್ಚಗಿದ್ದವು. ಹೊಳೆವ್ವ ಒಂದು ತತ್ತಿಯನ್ನು ಕಿವಿಗೆ ಹಿಡಿದು ಕೇಳಿದಳು, ಮೆಲ್ಲಗೆ ಮತ್ತೆ ಅಲ್ಲೇ ಇಟ್ಟಳು. ಇಬ್ಬರೂ ಸೇರಿ ಆಕೆಯ ಹೊಲದ ಬದುವಿನ ಪಕ್ಕ ಗುಂಡಿ ತೋಡಿ, ಸುಣ್ಣ ಸುರಿದು ಎಲ್ಲವನ್ನೂ ಹೂತೆವು. ನನ್ನನ್ನು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

ನಮ್ಮವೂ ಅಷ್ಟರಲ್ಲಿ ಸತ್ತಿದ್ದವು. ಅವನ್ನು ಹೂಳುತ್ತೇನೆಂದು ಚೀಲದಲ್ಲಿ ಒಯ್ದವರು ನೀವು. ಎರಡು ದಿನ ಬಿಟ್ಟು ಕಾಲುವೆಗೆ ನೀರಿಗೆ ಹೋದೆ. ಆಪಿನ ಹುಲ್ಲಿನಲ್ಲಿ ಸಿಕ್ಕಿಕೊಂಡು ನನ್ನ ಕೋಳಿಯೊಂದು ಉಬ್ಬಿ ತೇಲುತ್ತಿತ್ತು, ಕಣ್ಣಿದ್ದಲ್ಲಿ ಹುಳ. ಅದರ ಈಚೆಗೇ ಗ್ಯಾಂಗಿನ ಹೆಂಗಸೊಬ್ಬಳು ಕೊಡ ತುಂಬುತ್ತಿದ್ದಳು. ನಾನು ದಂಡೆಯ ಮೇಲೇ ವಾಂತಿ ಮಾಡಿಕೊಂಡೆ. ಮನೆಗೆ ಬಂದು ಹೇಳಿದರೆ ಅತ್ತೆ “ಸತ್ತಿದ್ದು ಕೋಳಿ, ಮನಷ್ಯಾ ಏನ್ ಸತ್ತಾನ?” ಅಂದರು. ನೀವು ರೊಟ್ಟಿ ಮುರಿಯುತ್ತ ನಕ್ಕಿರಿ.

ಅದನ್ನೂ ನುಂಗುತ್ತಿದ್ದೆನೋ ಏನೋ. ಹೆಂಗಸರು ಬಹಳ ನುಂಗುತ್ತಾರೆ.

ಆದರೂ ಹೊಳೆವ್ವ ದಾರಿ ಬಿಟ್ಟಳು. ಯಾಕೆ ಅಂತ ನಾನೇ ಕೇಳಿದೆ. “ಮಾತ ಕೊಟ್ಟೇನಲ್ಲ ಬೇ” ಅಂದಳು, ಅಷ್ಟೇ. ಟ್ರ್ಯಾಕ್ಟರ್ ಬಂದ ದಿನ ನಾನು ಆಕೆಯ ಜೊತೆ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದೆ. ನೀವು ಟ್ರೇಲರಿನಲ್ಲಿ ಕಬ್ಬಿನ ಮೇಲೆ ಕೂತಿದ್ದಿರಿ. ಗಾಲಿ ನಾವು ಕೋಳಿ ಹೂತ ಗುಂಡಿಯ ಮೇಲೇ ಹರಿಯಿತು, ಹಸಿ ಮಣ್ಣು ಕುಸಿದು ಸುಣ್ಣ ಹತ್ತಿದ ಒಂದು ರೆಕ್ಕೆ ಮೇಲೆದ್ದಿತು. ನೀವು ಅದನ್ನು ನೋಡಿದಿರಿ. ನೋಡಿಯೇ ಕೂಗಿದಿರಿ: “ಹೊಳೆವ್ವಾ, ಇನ್ನೊಂದ ಹ್ಯಾಟಿ ಕಳಸ್ಲೇನ?”

ಗ್ಯಾಂಗಿನವರು ನಕ್ಕರು. ಡ್ರೈವರ್ ನಕ್ಕ. ಹೊಳೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆಂದುಕೊಂಡೆ, ಆಕೆ ಓಕರಿಸುತ್ತಿದ್ದಳು.

ಆ ಮಧ್ಯಾಹ್ನವೇ ಕುಡಚಿಗೆ ನಡೆದು ಬಸ್ಸು ಹತ್ತಿದೆ. ಈಗ ತಿಳಿಯಿತೇ, ಯಾತರ ಸಲುವಾಗಿ ಅಂತ? ಬೇನೆ ಯಾರ ಮನೆಗೂ ಬರುತ್ತದೆ. ನಮ್ಮ ಕೋಳಿ ಸತ್ತದ್ದಕ್ಕೆ ನಾನು ಒಬ್ಬಳೇ ಅತ್ತು ಸುಮ್ಮನಾಗುತ್ತಿದ್ದೆ. ನೀವು ಬೇನೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ನನ್ನ ಹೆಸರು ಹೇಳಿ, ಒಬ್ಬ ಮುದುಕಿಯ ಗೂಡಿನಲ್ಲಿ ಬಿಟ್ಟುಬಂದಿರಿ. ನಿಮ್ಮ ಬೆರಳು ಮುಟ್ಟಿದ ರೊಟ್ಟಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ನಿಮ್ಮ ಮೈವಾಸನೆ ನೆನಪಾದರೂ ಆ ಕಾಲುವೆ ನೀರು ಮೂಗಿಗೆ ಬಡಿಯುತ್ತದೆ. ಇದು ಸಿಟ್ಟಾಗಿದ್ದರೆ ಇಷ್ಟರಲ್ಲಿ ಇಳಿಯುತ್ತಿತ್ತು. ಸಿಟ್ಟಲ್ಲ ಇದು.

ಇಲ್ಲಿ ಅವ್ವನ ಕೋಳಿಗಳನ್ನು ನಾನೇ ನೋಡಿಕೊಳ್ಳುತ್ತೇನೆ. ದವಾಖಾನೆಯಿಂದ ಲಸಿಕೆಯನ್ನು ಥರ್ಮಾಸಿನಲ್ಲಿ ಬರ್ಫ ಹಾಕಿ ತಂದು, ಸಣ್ಣ ಮರಿಗಳ ಕಣ್ಣಿಗೆ ಒಂದೊಂದು ಹನಿ ಬಿಡುವುದನ್ನು ಕಲಿತಿದ್ದೇನೆ. ಬೆಳೆದವಕ್ಕೆ ರೆಕ್ಕೆಯ ಕೆಳಗೆ ಸೂಜಿ. ಮರಿ ಅಂಗೈಯಲ್ಲಿ ಕೂತು ಕಣ್ಣು ಪಿಳುಕಿಸುವಾಗ ಮನಸ್ಸು ಸ್ವಲ್ಪ ತಿಳಿಯಾಗುತ್ತದೆ.

ಮಾಯಪ್ಪನನ್ನು ಮತ್ತೆ ಕಳಿಸಬೇಡಿ. ನಿಮ್ಮ ಹೊಸ್ತಿಲು ನಾನು ತುಳಿಯುವುದಿಲ್ಲ.

ಸುಂದರಾ

ತಾ.ಕ.: ಊರಿಗೆ ಯಾವಾಗ ಬರುತ್ತೀ ಅಂತ ಮಾಯಪ್ಪ ಕೇಳಿದ್ದ. ಬರುವ ಶುಕ್ರವಾರ ಬರುತ್ತೇನೆ. ಹೊಳೆವ್ವ ಹೇಳಿ ಕಳಿಸಿದ್ದಾಳೆ: “ಗೂಡಿಗೆ ಸುಣ್ಣಾ ಬಡದ ಬಿಸಲಿಗೆ ಬಿಟ್ಟೇನಿ, ನನಗೂ ವಯಸ್ಸಾತು, ನನ್ನ ಕೂಡ ಇರಾಕ ಬಾ.” ಮರಿಗಳ ಬುಟ್ಟಿ ತೆಗೆದುಕೊಂಡು ಆಕೆಯ ಮನೆಗೇ ಬರುತ್ತಿದ್ದೇನೆ. ಇನ್ನು ದಿನಾ ಬೆಳಗ್ಗೆ ಹಲ್ಲುಜ್ಜಲು ಹಿತ್ತಲಿಗೆ ಬಂದಾಗ ಗೋಡೆಯಾಚೆ ನನ್ನನ್ನು ನೋಡುತ್ತೀರಿ. ನಾನು ನಿಮ್ಮನ್ನು ನೋಡುವುದಿಲ್ಲ.