ನೀರು ಮೊದಲು ಹೆಡ್ಡಿಗೆ

೧೨ ಫೆಬ್ರುವರಿ, ಗುರುವಾರ. ಸಿಂದಗಿ

ಹೊರ್ತಿಯ ಅಮಿತರ ರೇಸ್ ಕಾರು ಇವತ್ತು ಇಂಡಿ ರಸ್ತೆಯಲ್ಲಿ ಕುದ್ದು ನಿಂತಿತು. ಇಂಜಿನ್ನಿನ ಹೆಡ್ ಸೊಟ್ಟಗಾಗಿದೆ. ಹೀಗಾಗುತ್ತದೆಂದು ನನಗೆ ಸೋಮವಾರವೇ ಗೊತ್ತಿತ್ತು.

ಮಾಮೂಲಿ ಕಾರುಗಳಲ್ಲಿ ಕೂಲಂಟ್, ಅಂದರೆ ಇಂಜಿನ್ ತಣಿಸುವ ನೀರು, ಕೆಳಗಿನ ಬ್ಲಾಕಿನಿಂದ ಮೇಲಿನ ಹೆಡ್ಡಿಗೆ ಹರಿಯುತ್ತದೆ. ಈ ಇಂಜಿನ್ನಿನಲ್ಲಿ ಉಲ್ಟಾ. ಹೆಚ್ಚು ಕಾಯುವುದು ಹೆಡ್ಡು, ಅದಕ್ಕೇ ಮೊದಲು ತಣ್ಣನೆಯ ನೀರು ಸಿಗಬೇಕು. ಸೋಮವಾರ ನನ್ನಣ್ಣ ಮಂಜೂರ ಭಾಯಿ ಪಂಪಿನ ಪೈಪುಗಳನ್ನು ಮಾಮೂಲಿನಂತೆ ಜೋಡಿಸುವಾಗಲೇ ಇದನ್ನು ಹೇಳಿದೆ. "ಇಪ್ಪತ್ತ ವರ್ಷ ಆತು ಗ್ಯಾರೇಜ್ ನಡಸಾಕತ್ತು. ತಂಗಿ ಕಡಿಂದ ಕಲೀಬೇಕೇನು?" ಎಂದ.

ಇವತ್ತು ಅಮಿತರು ಬಂದು ಕೇಳಿದಾಗ ಅದೇ ಭಾಯಿ, "ಪೈಪ್ ನಮ್ಮ ತಂಗಿ ನಿಷತ ಜೋಡಿಸಿದ್ಲರಿ" ಎಂದ. ನನ್ನ ಎದುರಿಗೇ. ಅಮಿತರು ನನ್ನನ್ನು ಬೈಯಲೂ ಇಲ್ಲ. "ಇರ್ಲಿ ಬಿಡ್ರಿ, ಹೆಣ್ಮಕ್ಕಳಿಗೆ ಇದೆಲ್ಲಾ ಹೆಂಗ ತಿಳೀತೈತಿ" ಎಂದರು. ಬೈದಿದ್ದರೆ ವಾಸಿಯಿತ್ತು. ಹತ್ತು ವರ್ಷದಿಂದ ಆ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚುತ್ತಿರುವ ನಾನು ಸ್ಪ್ಯಾನರ್ ಒರೆಸುತ್ತ ನಿಂತಿದ್ದೆ.

ಸಂಜೆ ಷಟರ್ ಎಳೆಯುವಾಗ ಭಾಯಿ ಮೆಲ್ಲಗೆ ಹೇಳಿದ: "ಹೆಡ್ ರಿಪೇರಿ ಆಗಿ ಬಂದ ಮ್ಯಾಲ ಪೈಪ್ ನೀನ ಹಾಕು. ನೀ ಹೇಳಿದಂಗ ಹಾಕು. ಅವರ ಮುಂದ ನಾನ ಹಾಕೀನಿ ಅಂತ ಹೇಳ್ತೇನಿ."

"ಆತು" ಎಂದೆ.

ಯಾಕೆ ಹಾಗೆಂದೆ? ಅವನು ನಿರಾಳವಾಗಿ ಬೈಕ್ ಹತ್ತಿದ. ನಾನು ಹಿಂದೆ ಕೂತೆ. ಮನೆ ಮುಟ್ಟುವವರೆಗೂ ಅವನ ಬೆನ್ನನ್ನೇ ನೋಡುತ್ತಿದ್ದೆ. ಇಲ್ಲ ಭಾಯಿ, ಆಗಲ್ಲ ಅಂತ ಒಂದು ಮಾತು ಹೇಳಬೇಕಿತ್ತು.