ಎರಡನೇ ಪುಟ

ಮಾರ್ಚ್ 3, ಬೆಳಿಗ್ಗೆ 7
ಸಂಜೆ ಮತ್ತೆ ಸ್ಟುಡಿಯೋ. ಮುಖಕ್ಕೆ ಪೌಡರ್, ಕಿವಿಗೆ ವೈರು. ಆರು ವರ್ಷ ರಾಷ್ಟ್ರೀಯ ಭದ್ರತಾ ಸಲಹೆಗಾರ… ಈಗ ನಿರೂಪಕನ ಬಾಯಿಗೆ ಮೇವು. ಗಡಿ ಠಾಣೆಯಲ್ಲಿ ಹನ್ನೊಂದು ಮಂದಿ ಯೋಧರು ಸತ್ತು ಎರಡು ವರ್ಷ. ವಿಚಾರಣಾ ಸಮಿತಿ ಈಗ ಎದ್ದಿದೆ. ನಿನ್ನೆ ಟಿವಿಯಲ್ಲಿ ಕೂಗಿದೆ: “ದಾಳಿ ಆಗುತ್ತೆ ಅಂತ ಯಾರೂ ನಂಗೆ ಹೇಳಲಿಲ್ಲ! ಉಪ್ಪು ತಿಂದವರು ನೀರು ಕುಡೀಲೇಬೇಕು!” ಇನ್ನೂ ಮೈ ಉರಿಯುತ್ತಿದೆ.

ಮಾರ್ಚ್ 5
ನನ್ನ ಕಚೇರಿಯಲ್ಲಿ ವರದಿ ಬರೆಯುತ್ತಿದ್ದ ವಿಶ್ಲೇಷಕಿಯ ಫೋನ್. “ಸರ್, ದಾಳಿ ಆಗುತ್ತೆ ಅಂತ ನಾನು ಬರ್ದಿದ್ದೆ. ಎರಡನೇ ಪುಟದಲ್ಲಿ. ಅದನ್ನ ತೆಗ್ದಿದ್ದು ನೀವು.” ಎಷ್ಟು ಧೈರ್ಯ! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಫೋನ್ ಕುಕ್ಕಿದೆ. ಯಾರದು ಅಂತ ಹೆಂಡತಿ ಕೇಳಿದಳು. ಅವಳ ಮೇಲೂ ರೇಗಿದೆ.

ಮಾರ್ಚ್ 6
ಪ್ರಧಾನಿ ಒಂದು ಪುಟಕ್ಕಿಂತ ಹೆಚ್ಚು ಓದುತ್ತಿರಲಿಲ್ಲ. ಅದಕ್ಕೇ ನನ್ನ ನಿಯಮ: ಏನೇ ಇದ್ದರೂ ಒಂದೇ ಪುಟ. ಉಳಿದದ್ದಕ್ಕೆ ಗೀಟು. ಕರಡು ಅಂದೇ ಕಾಗದ ಕತ್ತರಿಸುವ ಯಂತ್ರದಲ್ಲಿ ಚೂರು. ಸಾಕ್ಷಿ ಇಲ್ಲ.
ಆದರೆ ಆ ದಿನ ನೆನಪಿದೆ. ಊಟಕ್ಕೆ ಹೊತ್ತಾಗಿತ್ತು. ಎರಡನೇ ಪುಟ ಓದಲೇ ಇಲ್ಲ, ಗೀಟು ಎಳೆದೆ.

ಮಾರ್ಚ್ 14
ಸಮಿತಿ ಕೇಳಿತು: ಎರಡನೇ ಪುಟ ಇತ್ತೇ? ಆ ವಿಶ್ಲೇಷಕಿ ಎದುರಿಗೇ ಕೂತಿದ್ದಳು. “ನೆನಪಿಲ್ಲ” ಎಂದೆ. ಥೂ, ನನ್ನ ಜನ್ಮಕ್ಕಿಷ್ಟು!

ಮಾರ್ಚ್ 22, ಸಂಜೆ 4
ಅವಳನ್ನು ಕೆಲಸದಿಂದ ಅಮಾನತು ಮಾಡಿದರಂತೆ. ನಿರೂಪಕನಿಗೆ ಹಬ್ಬ. “ಸರ್, ನೀವು ಹೇಳಿದ್ದೇ ಆಯ್ತು! ಇವತ್ತು ಪೂರ್ತಿ ಒಂದ್ ಗಂಟೆ ನಿಮಗೇ.” ಹೆಂಡತಿ ಕೋಟು ತಂದು ಕುರ್ಚಿಗೆ ಎಸೆದಳು. “ಇವತ್ತಾದ್ರೂ ನಿಜ ಹೇಳಿ.” ಹೇಳುತ್ತೇನೆ. ಗೀಟು ಎಳೆದ ಕೈ ನನ್ನದು ಅಂತ. ಮೊದಲ ಮಾತೇ ಅದು.

ಮಾರ್ಚ್ 23, ಬೆಳಿಗ್ಗೆ 8
ನಿರೂಪಕ ಕೇಳಿದ, “ಇದಕ್ಕೆಲ್ಲ ಹೊಣೆ ಯಾರು, ಸರ್?” ಬಾಯಿ ತೆರೆದೆ. ಬಂದದ್ದು ಆ ವಿಶ್ಲೇಷಕಿಯ ಹೆಸರು. ಮೂರು ಸಲ.
ಈಗ ಪಕ್ಕದ ಕೋಣೆಯಲ್ಲಿ ಹೆಂಡತಿ ಫೋನಿನಲ್ಲಿ ಆ ಹುಡುಗಿಯ ಜೊತೆಗೇ ಮಾತಾಡುತ್ತಿದ್ದಾಳೆ. ಕೇಳಿಸಲೆಂದೇ ದನಿ ಎತ್ತಿದ್ದಾಳೆ. “ನೀನು ಅಳ್ಬೇಡಮ್ಮ. ಅವತ್ತು ಊಟಕ್ಕೆ ಕೂತಾಗ ನಂಗೇ ಹೇಳಿದ್ರು, ಒಂದ್ ಪುಟ ಹಾರಿಸ್ದೆ ಅಂತ. ನಕ್ಕಿದ್ರು ಕೂಡ. ಸಮಿತಿ ಮುಂದೆ ನಾನೇ ಹೇಳ್ತೀನಿ. ಈಗ್ಲೇ ಹೊರಟೆ.”
ಚಪ್ಪಲಿ ಮೆಟ್ಟುತ್ತಿದ್ದಾಳೆ. ತಡೆಯಬೇಕು. ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಲ್ಲಬೇಕು—