ನಾವು ಗೆದ್ದಿದ್ದು ಯಾವಾಗ, ಮಂತ್ರಿಗಳೇ?

ಮಾನ್ಯ ಕಾನೂನು ಮಂತ್ರಿಗಳೇ,

ನನ್ನ ಅಮ್ಮನ ಮೊಕದ್ದಮೆಯನ್ನು ಬಿಟ್ಟುಕೊಡಿ. ಬೇಡಿಕೆಯನ್ನು ಕೊನೆಗಿಡುವುದು ವಾಡಿಕೆ. ಆದರೆ ಕೊನೆಯವರೆಗೆ ಓದುವಷ್ಟು ಪುರುಸೊತ್ತು ನಿಮಗಿದೆಯೆಂಬ ನಂಬಿಕೆ ನನಗಿಲ್ಲ.

ನೆನಪಿದೆಯೇ? ಆಗ ನೀವು ಶಾಸಕರೂ ಅಲ್ಲ. ಟೈಪಿಂಗ್ ಅಂಗಡಿಯ ಮೇಲೊಂದು ಕೋಣೆ, ಕಾಲು ಅಲ್ಲಾಡುವ ಮೇಜು, ಮಾಸಿದ ಕರಿಕೋಟು. ಗಿರಣಿಯ ಬಾಯ್ಲರ್ ಸಿಡಿದು ನನ್ನ ಅಪ್ಪ ಸತ್ತಿದ್ದ. ಅವನು ಕುಡಿದಿದ್ದನೆಂದು ವರದಿ ಬರೆದು ಗಿರಣಿಯವರು ಕೈತೊಳೆದುಕೊಂಡಿದ್ದರು. ಹೆಂಡದ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಿದ್ದ ಮನುಷ್ಯ! "ಪರಿಹಾರ ಆಮೇಲೆ ಸ್ವಾಮಿ, ಆ ಮಾತೊಂದು ಅಳಿಸಿ ಕೊಡಿ, ಸಾಕು" ಎಂದು ಅಮ್ಮ ಅತ್ತಿದ್ದಳು. "ಇನ್ಮೇಲೆ ನಾನೇ ನಿಮ್ಮ ಮಗ ಅಂದ್ಕೊಳ್ಳಿ" ಎಂದಿರಿ ನೀವು. ಎಂಥ ಮಗ! ಗಿರಣಿ ಬಾಗಿಲಲ್ಲಿ ಅವಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಭಾಷಣ ಬಿಗಿದಿರಿ, ಫೋಟೊ ತೆಗೆಸಿಕೊಂಡಿರಿ, ಚುನಾವಣೆಗೆ ನಿಂತಿರಿ, ಗೆದ್ದಿರಿ. ಆಮೇಲೆ ನ್ಯಾಯಾಲಯದ ಕಡೆ ತಲೆಹಾಕಿಯೂ ಮಲಗಲಿಲ್ಲ.

ಪ್ರತಿ ಸಲವೂ ನಿಮ್ಮ ಕಿರಿಯ ವಕೀಲ ಎದ್ದು, "ಸೀನಿಯರ್ ಸಭೆಯಲ್ಲಿದ್ದಾರೆ, ಇನ್ನೊಂದು ದಿನಾಂಕ ಬೇಕು" ಎನ್ನುತ್ತಾನೆ. ವಾದಿಸಲು ಅವನಿಗೆ ನಿಮ್ಮ ಅಪ್ಪಣೆಯಿಲ್ಲ. ಬೇರೆ ವಕೀಲರ ಬಳಿ ಹೋದರೆ, ಹಳೆಯ ವಕೀಲರು 'ಆಕ್ಷೇಪವಿಲ್ಲ' ಎಂದು ಸಹಿ ಹಾಕದೆ ಕೇಸು ಮುಟ್ಟುವುದಿಲ್ಲ ಎನ್ನುತ್ತಾರೆ. ಅದು ನಿಮ್ಮ ವೃತ್ತಿಯ ಮರ್ಯಾದೆಯಂತೆ! ಒಬ್ಬರಂತೂ ಬಾಗಿಲು ಹಾಕಿಕೊಂಡು ಬಂದು, "ಮಂತ್ರಿ ಕೇಸಿಗೆ ಕೈ ಹಾಕಿ ನಾನ್ಯಾಕಮ್ಮ ಕೈ ಸುಟ್ಕೊಳ್ಳಲಿ?" ಎಂದರು. ಸಹಿಗಾಗಿ ನಿಮ್ಮ ಮನೆಗೆ ಅಲೆದು ಚಪ್ಪಲಿ ಸವೆಸಿದ್ದೇವೆ. ಕಂಡಕಂಡಲ್ಲಿ ರಿಬ್ಬನ್ ಕತ್ತರಿಸಲು ಏಳುವ ಕೈ ಒಂದು ಸಹಿಗೆ ಏಕೆ ಏಳದು? 'ಬಡವರ ವಕೀಲ' ಎಂಬ ಬಿರುದು ಕಳಚಿ ಬಿದ್ದೀತೆಂಬ ಭಯವೇ?

ಮೊನ್ನೆ ಹೊಸ ನ್ಯಾಯಾಲಯದ ಕಟ್ಟಡ ಉದ್ಘಾಟಿಸಲು ಬಂದಿರಿ. ಮುಖತಃ ಸಹಿ ಕೇಳೋಣವೆಂದು ಆಸ್ಪತ್ರೆಯ ಲಾಂಡ್ರಿ ಕೆಲಸಕ್ಕೆ ರಜೆ ಹಾಕಿ ಅಮ್ಮನನ್ನು ಕರೆತಂದಿದ್ದೆ. ಕೊನೆಯ ಸಾಲಿನಲ್ಲಿ ಕೂತಿದ್ದೆವು. ನೀವು ಗಂಟಲು ಗದ್ಗದ ಮಾಡಿಕೊಂಡು ಹೇಳಿದಿರಿ: "ಗಿರಣಿ ಕಾರ್ಮಿಕನೊಬ್ಬನ ಹೆಂಡತಿಯ ಕಣ್ಣೀರು ನನ್ನನ್ನು ರಾಜಕೀಯಕ್ಕೆ ತಂದಿತು. ಆ ತಾಯಿಗೆ ನ್ಯಾಯ ಕೊಡಿಸಿಯೇ ನಾನು ಕರಿಕೋಟು ಕಳಚಿದೆ." ಸಭೆ ಚಪ್ಪಾಳೆ ತಟ್ಟಿತು. ಅಮ್ಮನೂ ತಟ್ಟಿದಳು. ಆಮೇಲೆ ಮುಖ ಅರಳಿಸಿಕೊಂಡು ನನ್ನತ್ತ ತಿರುಗಿ, "ಗೆದ್ವಾ? ಯಾವಾಗ? ನಂಗ್ಯಾಕೆ ಹೇಳ್ಲಿಲ್ಲ ಕಣೇ?" ಎಂದಳು.

ಸಹಿ ಕೇಳದೆಯೇ ಅವಳ ಕೈ ಹಿಡಿದು ಹೊರಗೆ ಕರೆತಂದೆ. ಮನೆಗೆ ಬಂದವಳೇ ಅಕ್ಕಪಕ್ಕದವರಿಗೆಲ್ಲ ಸುದ್ದಿ ಮುಟ್ಟಿಸಿದ್ದಾಳೆ: "ನಮ್ಮನೆಯವ್ರು ಕುಡಿದಿರ್ಲಿಲ್ಲ ಅಂತ ಕೋರ್ಟೇ ಹೇಳ್ತಂತೆ."

ಸಹಿ ಹಾಕಿ. ಅದಾಗದಿದ್ದರೆ ನಮ್ಮ ಮನೆಗೆ ಬನ್ನಿ. ಅಮ್ಮನ ಎದುರು ಕೂತು, ನಾವಿನ್ನೂ ಗೆದ್ದಿಲ್ಲವೆಂದು ನೀವೇ ಹೇಳಿ. ಅವಳಿಗೆ ಈಗ ಕಿವಿ ಮಂದ, ಗಟ್ಟಿಯಾಗಿ ಹೇಳಬೇಕಾಗುತ್ತದೆ. ಬೇಕಿದ್ದರೆ ಮೈಕು ತನ್ನಿ.

ಇಂತಿ,
ಅಮ್ಮನಿಗೆ ನೀವು ಕೊಟ್ಟ ಮಾತಿನ ಪ್ರಕಾರ,
ನಿಮ್ಮ ತಂಗಿ